ದುಡಿಯುತ್ತ ಓದಿದವರ ಫೀಸು ಕಟ್ಟಿದವರು ಯಾರು?

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯ ಹಿರಿಯರು ಫೋನು ಮಾಡಿದಾಗ, "ನೀನು ಸಾಫ್ಟ್‌ವೇರ್‌ನವನಲ್ಲವೇನಪ್ಪ, ಕಂಪ್ಯೂಟರ್ ಬಗ್ಗೆ ಏನಾದರೂ ಬರಿ" ಎಂದರು. ಕಂಪ್ಯೂಟರ್ ವಿಷಯ ಈಗಿನ ಮಕ್ಕಳಿಗೆ ನಾನು ಹೇಳಬೇಕಾದ್ದಿಲ್ಲ. ಅದರ ಬದಲು ನಮ್ಮ ಶಾಲೆಯ ಬಹಳಷ್ಟು ಹಳೆಯ ವಿದ್ಯಾರ್ಥಿಗಳಿಗೆ ಸಂಬಂಧಿಸಿದ, ಆದರೆ ಎಲ್ಲಿಯೂ ಬರೆದಿಡದ ಒಂದು ಇತಿಹಾಸವನ್ನು ಹೇಳಬೇಕೆನಿಸಿತು.

ಈ ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯಿಂದ ಎಸ್.ಎಸ್.ಎಲ್.ಸಿ. ಮುಗಿಸಿದವರಲ್ಲಿ ಕೆಲವರು ನೇರವಾಗಿ ಕಾಲೇಜಿಗೆ ಹೋದರು. ಅವರ ಹೆಸರುಗಳು ಸಭೆಗಳಲ್ಲಿ ಕೇಳಿಬರುತ್ತವೆ. ಉಳಿದವರು ಕೆಲಸಕ್ಕೆ ಹೋದರು. ಪೀಣ್ಯದ ಕಾರ್ಖಾನೆಗಳಿಗೆ, ಗಾರ್ಮೆಂಟ್ಸ್‌ಗೆ, ಬಸ್ಸಿನ ಕಂಡಕ್ಟರ್ ಕೆಲಸಕ್ಕೆ, ಅಂಗನವಾಡಿಗೆ, ಪೊಲೀಸ್ ಪೇದೆಯ ಕೆಲಸಕ್ಕೆ. ಹೀಗೆ ಹೋದವರಲ್ಲಿ ಹಲವರು ಇಪ್ಪತ್ತೈದು, ಮೂವತ್ತು, ನಲವತ್ತು ವಯಸ್ಸಿನಲ್ಲಿ ಮತ್ತೆ ಪುಸ್ತಕ ಹಿಡಿದು ಡಿಗ್ರಿ ಪಡೆದರು. ನಾನೂ ಡಿಪ್ಲೊಮಾ ಮುಗಿಸಿ, ಹಗಲು ಕೆಲಸ ಮಾಡಿ, ಸಂಜೆ ಕಾಲೇಜಿನಲ್ಲಿ ಬಿ.ಇ. ಓದಿದವನು. ಇಂಥವರ ಫೀಸು ಯಾರು ಕಟ್ಟಿದರು ಎಂಬುದೇ ಈ ಲೇಖನದ ವಿಷಯ. ನೋಡಲು ಸಣ್ಣ ಪ್ರಶ್ನೆ. ಆದರೆ ಇದಕ್ಕೆ ಸಿಕ್ಕ ಉತ್ತರದ ಮೇಲೆಯೇ ಲಕ್ಷಾಂತರ ಜನ ಓದುವುದೂ ಬಿಡುವುದೂ ನಿಂತಿದೆ.

ಓದುವವರಿಗೆ ಅನ್ನ ಕೊಟ್ಟ ನಾಡು

ನಮ್ಮ ನಾಡಿನಲ್ಲಿ ಬಡ ವಿದ್ಯಾರ್ಥಿಗೆ ನೆರವಾಗುವ ಪದ್ಧತಿ ಹೊಸದಲ್ಲ. ವಾರಾನ್ನದ ಮಾತನ್ನು ನಮ್ಮ ಅಜ್ಜಂದಿರ ಕಾಲದವರು ಚೆನ್ನಾಗಿ ಬಲ್ಲರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಯ ಊಟದಲ್ಲಿ ಓದಿದವರು ಅನೇಕರು. ಆಮೇಲೆ ಮಠಗಳು ಮತ್ತು ಸಮುದಾಯದ ಸಂಘಗಳು ಉಚಿತ ವಿದ್ಯಾರ್ಥಿನಿಲಯ ತೆರೆದವು. ಸಿದ್ಧಗಂಗೆ, ಸುತ್ತೂರುಗಳ ಹೆಸರು ಎಲ್ಲರಿಗೂ ಗೊತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಒಂದು ಕೊಡವ ಕುಟುಂಬದ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚು ನೋಡಿಕೊಂಡರು. ಮುಂದೆ ಪುಣೆಯಲ್ಲಿ ಎಂಜಿನಿಯರಿಂಗ್ ಓದಲು ಮೈಸೂರು ಸರ್ಕಾರ ಅವರಿಗೆ ವಿದ್ಯಾರ್ಥಿವೇತನ ಕೊಟ್ಟಿತು.

ಈ ಎಲ್ಲ ವ್ಯವಸ್ಥೆಗಳೂ ಒಬ್ಬ ಬಗೆಯ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದವು. ಅವನು ಚಿಕ್ಕವನು, ಮದುವೆಯಾಗದವನು, ಇಡೀ ದಿನ ಓದುವವನು. ಅವನಿಗೆ ಊಟ, ಇರಲು ಜಾಗ, ಫೀಸು ಈ ಮೂರು ಸಿಕ್ಕರೆ ಸಾಕು. ಹೆಂಡತಿ ಮಕ್ಕಳಿರುವ, ದಿನಕ್ಕೆ ಎಂಟು ಗಂಟೆ ದುಡಿಯುವ ಮನುಷ್ಯ ಓದಬೇಕೆಂದರೆ ಅವನಿಗೆ ಬೇಕಾದ್ದು ಬೇರೆ. ಅವನಿಗೆ ಊಟದ ಮನೆ ಬೇಡ, ಹೊತ್ತು ಬೇಕು. ಆ ಹೊತ್ತಿಗೆ ಬೆಲೆ ಇದೆ. ಆ ಬೆಲೆಯನ್ನು ಯಾರು ಕೊಡಬೇಕೆಂದು ವಾರಾನ್ನದ ಕಾಲದಲ್ಲಿ ಯಾರೂ ಕೇಳಿರಲಿಲ್ಲ.

ಲಂಡನ್ನಿನ ಕೂಲಿಗಾರರು

ಈ ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಕೇಳಿದ ಜಾಗಗಳಲ್ಲಿ ಲಂಡನ್ ಒಂದು. ಜಾರ್ಜ್ ಬರ್ಕ್‌ಬೆಕ್ ಎಂಬ ವೈದ್ಯರ ಮುಂದಾಳತ್ವದಲ್ಲಿ 1823ರಲ್ಲಿ ಅಲ್ಲಿ ಕುಶಲಕರ್ಮಿಗಳಿಗಾಗಿ ಒಂದು ಸಂಸ್ಥೆ ಶುರುವಾಯಿತು. ದಿನವಿಡೀ ಯಂತ್ರದ ಮುಂದೆ ದುಡಿದವರು ಸಂಜೆ ಬಂದು ವಿಜ್ಞಾನದ ಉಪನ್ಯಾಸ ಕೇಳುತ್ತಿದ್ದರು. ಸರ್ಕಾರದ ಹಣ ಇರಲಿಲ್ಲ. ಸದಸ್ಯರ ಚಂದಾ ಮತ್ತು ದಾನಿಗಳ ಹಣದಿಂದ ಅದು ನಡೆಯಿತು. ಉಪನ್ಯಾಸ ಭವನ ಕಟ್ಟಲು ಬರ್ಕ್‌ಬೆಕ್ ಅವರೇ ಸಾಲ ಕೊಟ್ಟರು. ಅದೇ ಮುಂದೆ ಬರ್ಕ್‌ಬೆಕ್ ಕಾಲೇಜಾಗಿ 1920ರಲ್ಲಿ ಲಂಡನ್ ವಿಶ್ವವಿದ್ಯಾಲಯಕ್ಕೆ ಸೇರಿತು. ಬ್ರಿಟನ್ನಿನ ಪ್ರಧಾನಿಯಾಗಿದ್ದ ರಾಮ್ಸೆ ಮ್ಯಾಕ್‌ಡೊನಾಲ್ಡ್ ಯುವಕನಾಗಿದ್ದಾಗ ಸಂಜೆ ಓದಲು ಹೋಗುತ್ತಿದ್ದುದು ಅಲ್ಲಿಗೇ.

ಎರಡನೆಯ ಹೆಜ್ಜೆ 1858ರದು. ಆ ವರ್ಷ ಲಂಡನ್ ವಿಶ್ವವಿದ್ಯಾಲಯ ತನ್ನ ಪದವಿ ಪರೀಕ್ಷೆಗಳಿಗೆ ಇಂಥದೇ ಕಾಲೇಜಿನಲ್ಲಿ ಓದಿರಬೇಕೆಂಬ ನಿಯಮವನ್ನು ತೆಗೆದುಹಾಕಿತು. ವೈದ್ಯಕೀಯವನ್ನು ಬಿಟ್ಟು ಉಳಿದ ವಿಷಯಗಳಲ್ಲಿ ಯಾರು ಬೇಕಾದರೂ ಮನೆಯಲ್ಲೇ ಓದಿ, ಪರೀಕ್ಷೆಯ ಫೀಸು ಕಟ್ಟಿ, ಡಿಗ್ರಿ ಪಡೆಯಬಹುದಾಯಿತು. 1878ರಿಂದ ಹೆಂಗಸರಿಗೂ ಡಿಗ್ರಿ ಕೊಟ್ಟರು. ಓದಲು ಕೆಲಸ ಬಿಡಬೇಕಾಗಿಲ್ಲ ಎಂಬುದು ಇದರಿಂದ ಸಾಧ್ಯವಾಯಿತು. ಆದರೆ ಖರ್ಚೆಲ್ಲ ಓದುವವನದೇ.

ಇದಕ್ಕೆ ಒಂದು ವರ್ಷ ಮೊದಲು, 1857ರಲ್ಲಿ, ಕಲ್ಕತ್ತಾ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದ್ದವು. ಅವು ಲಂಡನ್ನಿನ ಪರೀಕ್ಷಾ ಪದ್ಧತಿಯ ಮಾದರಿಯಲ್ಲಿಯೇ ರೂಪುಗೊಂಡವು. ಆದರೆ ಇಲ್ಲಿ ಪದವಿ ಪರೀಕ್ಷೆಗೆ ಕೂರಲು ಸಾಮಾನ್ಯವಾಗಿ ಒಂದು ಸಂಯೋಜಿತ ಕಾಲೇಜಿನಲ್ಲಿ ಓದಿರಲೇಬೇಕಿತ್ತು. ಪರೀಕ್ಷೆಯ ಪದ್ಧತಿ ಬಂತು, ದುಡಿಯುವವನಿಗೆ ಸಿಕ್ಕ ಸಡಿಲಿಕೆ ಬರಲಿಲ್ಲ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗಲೂ ಅದು ಹಗಲು ಓದುವವರಿಗಾಗಿಯೇ ಇತ್ತು.

ಎ.ಎಂ.ಐ.ಇ. ಎಂಬ ದಾರಿ

ಎಂಜಿನಿಯರಿಂಗ್ ಓದುವವರಿಗೆ ಮಾತ್ರ ಒಂದು ಬಾಗಿಲು ಮೊದಲೇ ತೆರೆದಿತ್ತು. 1920ರಲ್ಲಿ ಸ್ಥಾಪನೆಯಾಗಿ 1935ರಲ್ಲಿ ರಾಜಸನ್ನದು ಪಡೆದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಸಂಸ್ಥೆ ಎ.ಎಂ.ಐ.ಇ. ಪರೀಕ್ಷೆ ನಡೆಸುತ್ತಿತ್ತು. ಎ ಮತ್ತು ಬಿ ಎಂದು ಎರಡು ವಿಭಾಗ, ವರ್ಷಕ್ಕೆ ಎರಡು ಸಲ ಪರೀಕ್ಷೆ. ಕಾಲೇಜಿಗೆ ಹೋಗಬೇಕಾಗಿಲ್ಲ. ಪಾಸಾದವರನ್ನು ಸರ್ಕಾರಿ ನೌಕರಿಗೆ ಬಿ.ಇ. ಆದವರ ಸಮಾನವೆಂದು ಪರಿಗಣಿಸುತ್ತಿದ್ದರು. ಲೋಕೋಪಯೋಗಿ ಇಲಾಖೆ, ವಿದ್ಯುತ್ ಮಂಡಳಿ, ರೈಲ್ವೆ, ಕಾರ್ಖಾನೆಗಳಲ್ಲಿ ಡಿಪ್ಲೊಮಾ ಮಾಡಿ ಕೆಲಸಕ್ಕೆ ಸೇರಿದ ಎಷ್ಟೋ ಜನ ರಾತ್ರಿ ಓದಿ, ಒಂದೊಂದೇ ವಿಷಯ ಪಾಸು ಮಾಡಿಕೊಂಡು ಎಂಜಿನಿಯರ್ ಆದದ್ದು ಹೀಗೆ. ಕಾಲೇಜಿನ ಫೀಸಿಗೆ ಹೋಲಿಸಿದರೆ ಇದರ ಖರ್ಚು ಕಡಿಮೆ. ಆದರೆ ಪಾಠ ಹೇಳುವವರಿಲ್ಲದೆ ಓದಬೇಕಾದ್ದರಿಂದ ಹಣದ ಬದಲು ವರ್ಷಗಳನ್ನು ಕೊಡಬೇಕಾಗುತ್ತಿತ್ತು.

ಸಂಜೆ ಕಾಲೇಜು ಮತ್ತು ಅಂಚೆಯ ಪಾಠ

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬೆಂಗಳೂರಿಗೆ ದೊಡ್ಡ ಕಾರ್ಖಾನೆಗಳು ಬಂದವು. 1940ರಲ್ಲಿ ಎಚ್.ಎ.ಎಲ್., 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ತಿಂಗಳ ಸಂಬಳ, ಗೊತ್ತಾದ ಶಿಫ್ಟು, ಕಾರ್ಖಾನೆಯ ಬಸ್ಸು. ಇವು ಒಬ್ಬ ಕಾರ್ಮಿಕನ ದಿನಕ್ಕೆ ಒಂದು ಅಚ್ಚುಕಟ್ಟು ಕೊಟ್ಟವು. ಸಂಜೆ ಇಷ್ಟು ಹೊತ್ತಿಗೆ ಬಿಡುಗಡೆ ಎಂದು ಗೊತ್ತಿದ್ದವನು ಸಂಜೆ ಕಾಲೇಜಿಗೆ ಸೇರಬಲ್ಲ. ಬೆಂಗಳೂರಿನ ಸಂಜೆ ಕಾಲೇಜುಗಳು ಬೆಳೆದದ್ದಕ್ಕೆ ಇಂಥ ನೌಕರರು, ಬ್ಯಾಂಕು ಮತ್ತು ಸರ್ಕಾರಿ ಕಚೇರಿಗಳ ಗುಮಾಸ್ತರು ಮುಖ್ಯ ಕಾರಣ.

ಆದರೆ ನಮ್ಮಂಥ ಊರುಗಳಲ್ಲಿದ್ದವರಿಗೆ ಸಂಜೆ ಕಾಲೇಜು ಎಲ್ಲಿ? ಅವರಿಗೆ ದಾರಿಯಾದದ್ದು ಅಂಚೆ. 1962ರಲ್ಲಿ ದೆಹಲಿ ವಿಶ್ವವಿದ್ಯಾಲಯ ಅಂಚೆಯ ಮೂಲಕ ಪಾಠ ಕಳಿಸುವ ಶಾಲೆ ಆರಂಭಿಸಿತು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಒಂದು ದಿಟ್ಟ ಮಾತು ಹೇಳಿತು. 1986ರ ಹೊತ್ತಿಗೆ ಉನ್ನತ ಶಿಕ್ಷಣ ಪಡೆಯುವವರಲ್ಲಿ ಮೂರನೆಯ ಒಂದು ಭಾಗದಷ್ಟು ಜನ ಸಂಜೆ ಕಾಲೇಜು ಮತ್ತು ಅಂಚೆ ಶಿಕ್ಷಣದ ಮೂಲಕವೇ ಓದುವಂತಾಗಬೇಕು ಎಂದಿತು. ಅಂದರೆ ದುಡಿಯುತ್ತ ಓದುವವರನ್ನು ಆಯೋಗವು ಮೂಲೆಯಲ್ಲಿ ನಿಲ್ಲಿಸಲಿಲ್ಲ, ಲೆಕ್ಕದ ಒಳಗೇ ಇಟ್ಟಿತು.

ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣ ಸಂಸ್ಥೆ ಶುರುವಾದದ್ದು 1969ರಲ್ಲಿ. ನಮ್ಮ ಶಾಲೆಗಿಂತ ಸ್ವಲ್ಪ ಹಿರಿಯದು. ನಮಗೆ ಪಾಠ ಹೇಳಿದ ಮೇಷ್ಟ್ರುಗಳಲ್ಲಿ ಒಂದಿಬ್ಬರು ಈ ಸಂಸ್ಥೆಯ ವಿದ್ಯಾರ್ಥಿಗಳಾಗಿದ್ದವರು ಎಂಬುದು ಆಗ ನಮಗೆ ತಿಳಿದಿರಲಿಲ್ಲ. ಟಿ.ಸಿ.ಎಚ್. ಮಾಡಿ ಪ್ರಾಥಮಿಕ ಶಾಲೆಗೆ ಸೇರಿದವರು ಅಂಚೆಯಲ್ಲಿ ಬಿ.ಎ. ಮಾಡಿಕೊಂಡು, ಆಮೇಲೆ ಬಿ.ಎಡ್. ಮುಗಿಸಿ, ಹೈಸ್ಕೂಲಿಗೆ ಬಡ್ತಿ ಪಡೆದು ಬರುತ್ತಿದ್ದರು. ಬೇಸಿಗೆ ರಜೆಯಲ್ಲಿ ನಾವು ಮಾವಿನ ತೋಪಿನಲ್ಲಿದ್ದಾಗ ಅವರು ಸಂಪರ್ಕ ತರಗತಿಗೆ ಮೈಸೂರಿನಲ್ಲಿರುತ್ತಿದ್ದರು. ಅವರ ಓದಿನ ಖರ್ಚು ಅವರ ಸಂಬಳದಿಂದಲೇ ಹೋಗುತ್ತಿತ್ತು. ಆದರೆ ಶಾಲೆಯ ರಜೆ ಅವರಿಗೆ ಹೊತ್ತು ಕೊಡುತ್ತಿತ್ತು, ಓದಿದ ಮೇಲೆ ಬಡ್ತಿಯ ದಾರಿ ತೆರೆದಿರುತ್ತಿತ್ತು. ಫೀಸು ಕಟ್ಟುವಷ್ಟೇ ದೊಡ್ಡ ಸಹಾಯ ಅದು.

ಮುಕ್ತ ವಿಶ್ವವಿದ್ಯಾಲಯಗಳು

ಅದೇ 1969ರಲ್ಲಿ ಬ್ರಿಟನ್ನಿನಲ್ಲಿ ಓಪನ್ ಯೂನಿವರ್ಸಿಟಿಗೆ ಸನ್ನದು ಸಿಕ್ಕಿತು. ಹೆರಾಲ್ಡ್ ವಿಲ್ಸನ್ 1963ರಲ್ಲಿ ಗ್ಲಾಸ್ಗೊದಲ್ಲಿ ಮಾಡಿದ ಭಾಷಣದಲ್ಲಿ ಇದರ ಕಲ್ಪನೆ ಇತ್ತು. ಅವರು ಪ್ರಧಾನಿಯಾದ ಮೇಲೆ ಸಚಿವೆ ಜೆನ್ನಿ ಲೀ ಹಟ ಹಿಡಿದು ಅದನ್ನು ಆಗಮಾಡಿಸಿದರು. 1971ರ ಜನವರಿಯಲ್ಲಿ ಮೊದಲ ತಂಡ ಓದಲು ಶುರುಮಾಡಿತು. ಅಂಚೆಯಲ್ಲಿ ಪುಸ್ತಕ, ಬಿ.ಬಿ.ಸಿ.ಯಲ್ಲಿ ಪಾಠ. ಸೇರಲು ಹಿಂದಿನ ಪರೀಕ್ಷೆಯ ಅಂಕಪಟ್ಟಿ ಬೇಕಾಗಿರಲಿಲ್ಲ. ಸರ್ಕಾರವೇ ನೇರವಾಗಿ ಅನುದಾನ ಕೊಡುತ್ತಿದ್ದರಿಂದ ಶುಲ್ಕವನ್ನು ಕಡಿಮೆ ಇಡಲು ಆಯಿತು.

ಇಲ್ಲಿಯೂ ಒಂದು ಭೇದ ಇತ್ತು. 1962ರ ಕಾಯ್ದೆಯ ಪ್ರಕಾರ ಅಲ್ಲಿ ಪೂರ್ಣಾವಧಿ ಪದವಿ ಓದುವವರಿಗೆ ಸರ್ಕಾರವೇ ಶುಲ್ಕ ಕಟ್ಟುತ್ತಿತ್ತು, ಕುಟುಂಬದ ಆದಾಯ ನೋಡಿ ಜೀವನದ ಖರ್ಚಿಗೂ ಕೊಡುತ್ತಿತ್ತು. ದುಡಿಯುತ್ತ ಓದುವವರಿಗೆ ಆ ಹಕ್ಕು ಇರಲಿಲ್ಲ. ಶುಲ್ಕ ಕಡಿಮೆ ಇದ್ದುದರಿಂದ ಇದು ಯಾರಿಗೂ ಅಷ್ಟಾಗಿ ಚುಚ್ಚಲಿಲ್ಲ.

ನಮ್ಮ ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ 1982ರಲ್ಲಿ ಹೈದರಾಬಾದಿನಲ್ಲಿ ಆಯಿತು. ಈಗ ಅದಕ್ಕೆ ಡಾ. ಬಿ.ಆರ್. ಅಂಬೇಡ್ಕರ್ ಅವರ ಹೆಸರಿದೆ. ಅದರ ಮೊದಲ ಕುಲಪತಿ ಜಿ. ರಾಮರೆಡ್ಡಿಯವರೇ 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯಕ್ಕೂ, ಅಂದರೆ ಇಗ್ನೋಗೂ, ಮೊದಲ ಕುಲಪತಿಯಾದರು. 1987ರಲ್ಲಿ ಇಗ್ನೋ ತರಗತಿ ಆರಂಭಿಸಿದಾಗ ಅಲ್ಲಿದ್ದವರು 4,528 ವಿದ್ಯಾರ್ಥಿಗಳು. ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆಯೇ 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನಮ್ಮ ಊರಿನಲ್ಲಿ ಇಂದು ಡಿಗ್ರಿ ಇರುವ ಎಷ್ಟೋ ಅಕ್ಕತಂಗಿಯರ ಮನೆಯ ಗೋಡೆಯ ಮೇಲೆ ಮುಕ್ತಗಂಗೋತ್ರಿಯ ಪ್ರಮಾಣಪತ್ರವಿದೆ. ಮದುವೆಯಾಗಿ ಮಕ್ಕಳಾದ ಮೇಲೆ ಓದಿದವರು ಅವರು.

ಕಂಪನಿಯ ಚೀಲ

ಮೂರನೆಯ ಚೀಲ ಕಂಪನಿಯದು. ಪಿಲಾನಿಯ ಬಿಟ್ಸ್ ಸಂಸ್ಥೆ 1979ರಲ್ಲಿಯೇ ಕೆಲಸದಲ್ಲಿರುವವರಿಗಾಗಿ ಕಂಪನಿಗಳ ಜೊತೆ ಸೇರಿ ಕೋರ್ಸು ನಡೆಸಲು ಆರಂಭಿಸಿತು. ಬೆಂಗಳೂರಿನ ವಿಪ್ರೊ 1995ರಲ್ಲಿ ಬಿ.ಎಸ್ಸಿ. ಓದಿದ ಹುಡುಗ ಹುಡುಗಿಯರನ್ನು ಕೆಲಸಕ್ಕೆ ತೆಗೆದುಕೊಂಡು, ಕೆಲಸ ಮಾಡುತ್ತಲೇ ಬಿಟ್ಸ್‌ನ ಎಂ.ಎಸ್. ಓದಿಸುವ ಯೋಜನೆ ಶುರುಮಾಡಿತು. ಬಿ.ಇ. ಸೀಟಿಗೆ ಹಣ ಹೊಂದಿಸಲಾಗದೆ ಬಿ.ಎಸ್ಸಿ., ಬಿ.ಸಿ.ಎ. ಸೇರಿದ ಹಳ್ಳಿಯ ಮಕ್ಕಳಿಗೆ ಇದು ಸಾಫ್ಟ್‌ವೇರ್ ಕ್ಷೇತ್ರಕ್ಕೆ ಬರುವ ದಾರಿಯಾಯಿತು. ಓದಿಗೆ ಹಣ ಹಾಕುವ ಕಂಪನಿ ಇಷ್ಟು ವರ್ಷ ಬಿಟ್ಟುಹೋಗಬಾರದು ಎಂದು ಕರಾರು ಬರೆಸಿಕೊಳ್ಳುವುದೂ ಉಂಟು.

ಅಮೆರಿಕದಲ್ಲಿ ಇದಕ್ಕೆ ತೆರಿಗೆಯ ಬೆಂಬಲವೂ ಇದೆ. ನೌಕರನ ಓದಿಗೆ ಕಂಪನಿ ವರ್ಷಕ್ಕೆ 5,250 ಡಾಲರ್‌ವರೆಗೆ ಕೊಟ್ಟರೆ ಅದಕ್ಕೆ ನೌಕರ ತೆರಿಗೆ ಕಟ್ಟಬೇಕಿಲ್ಲ. ಜಾರ್ಜಿಯಾ ಟೆಕ್ ಎಂಬ ಸರ್ಕಾರಿ ವಿಶ್ವವಿದ್ಯಾಲಯ 2014ರಲ್ಲಿ ಒಂದು ದೂರವಾಣಿ ಕಂಪನಿಯ ನೆರವಿನಿಂದ ಕಂಪ್ಯೂಟರ್ ವಿಜ್ಞಾನದ ಪೂರ್ತಿ ಸ್ನಾತಕೋತ್ತರ ಪದವಿಯನ್ನು ಸುಮಾರು 7,000 ಡಾಲರ್‌ಗೆ ಆನ್‌ಲೈನ್‌ನಲ್ಲಿ ಆರಂಭಿಸಿತು. ಶುಲ್ಕ ಇಳಿದರೆ ಕೆಲಸದಲ್ಲಿರುವವರು ಎಷ್ಟು ದೊಡ್ಡ ಸಂಖ್ಯೆಯಲ್ಲಿ ಬರುತ್ತಾರೆಂಬುದಕ್ಕೆ ಅದೊಂದು ಸಾಕ್ಷಿ. ನನ್ನ ವೃತ್ತಿಯ ಹಲವು ಭಾರತೀಯರು ಅದರ ವಿದ್ಯಾರ್ಥಿಗಳು.

ಕಂಪನಿಯ ಚೀಲಕ್ಕೆ ಒಂದು ಮಿತಿಯಿದೆ. ಅದು ಆಫೀಸಿನಲ್ಲಿ ಕೂತವನ ಕಡೆಗೆ ಬೇಗ ತೆರೆಯುತ್ತದೆ. ಗುತ್ತಿಗೆಯ ಕಾರ್ಮಿಕನ ಕಡೆಗೆ, ಗಾರ್ಮೆಂಟ್ಸಿನ ಹೆಣ್ಣುಮಗಳ ಕಡೆಗೆ ತೆರೆಯುವುದು ಅಪರೂಪ.

ಇಂಗ್ಲೆಂಡಿನಲ್ಲಿ ಸದ್ದಿಲ್ಲದೆ ಖಾಲಿಯಾದ ತರಗತಿ

ಸರ್ಕಾರದ ಚೀಲ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ಇತ್ತೀಚಿನ ಇತಿಹಾಸ ಸ್ಪಷ್ಟವಾಗಿ ತೋರಿಸಿದೆ. ಮೊದಲ ಪೆಟ್ಟು 2008ರಲ್ಲಿ ಬಿತ್ತು. ಈಗಾಗಲೇ ಒಂದು ಡಿಗ್ರಿ ಇದ್ದು, ಅದೇ ಮಟ್ಟದ ಇನ್ನೊಂದನ್ನು ಓದುವವರಿಗಾಗಿ ಕೊಡುತ್ತಿದ್ದ ಅನುದಾನವನ್ನು ಸರ್ಕಾರ ನಿಲ್ಲಿಸಿತು. ಕೆಲಸ ಬದಲಿಸಲು ಮತ್ತೆ ಓದುವವರು ಇದರಿಂದ ಹೊರಗಾದರು.

ಎರಡನೆಯದು 2012ರದು. ವಿಶ್ವವಿದ್ಯಾಲಯಗಳ ಬೋಧನಾ ಅನುದಾನವನ್ನು ಬಹುಪಾಲು ಕಡಿತಗೊಳಿಸಿ, ಶುಲ್ಕದ ಮಿತಿಯನ್ನು ಪೂರ್ಣಾವಧಿಗೆ ವರ್ಷಕ್ಕೆ 9,000 ಪೌಂಡ್, ಅರೆಕಾಲಿಕಕ್ಕೆ 6,750 ಪೌಂಡ್ ಎಂದು ಏರಿಸಿದರು. ಓಪನ್ ಯೂನಿವರ್ಸಿಟಿಯಲ್ಲೂ ಒಂದು ವರ್ಷದ ಪೂರ್ಣಾವಧಿಗೆ ಸಮನಾದ ಓದಿನ ಶುಲ್ಕ 5,000 ಪೌಂಡ್ ಆಯಿತು. ಇದಕ್ಕೆ ಪ್ರತಿಯಾಗಿ ಅರೆಕಾಲಿಕ ವಿದ್ಯಾರ್ಥಿಗಳಿಗೂ ಮೊದಲ ಬಾರಿಗೆ ಶುಲ್ಕದ ಸಾಲ ಕೊಡುವುದಾಗಿ ಹೇಳಿದರು. ಕಾಗದದ ಮೇಲೆ ಅದು ನ್ಯಾಯವಾಗಿಯೇ ಕಾಣುತ್ತಿತ್ತು.

ಆದರೆ ಸಾಲಕ್ಕೆ ಷರತ್ತುಗಳಿದ್ದವು. ಪೂರ್ಣಾವಧಿಯ ಕಾಲುಭಾಗದಷ್ಟಾದರೂ ಓದಬೇಕು. ಹಿಂದೆ ಡಿಗ್ರಿ ಇದ್ದವರಿಗೆ ಸಾಮಾನ್ಯವಾಗಿ ಸಾಲವಿಲ್ಲ. ಪೂರ್ತಿ ಡಿಗ್ರಿಗೆ ನೋಂದಾಯಿಸದೆ ಒಂದೆರಡು ವಿಷಯ ಮಾತ್ರ ಓದುವವರಿಗೂ ಇಲ್ಲ. ಇನ್ನೊಂದು ಸಂಗತಿಯನ್ನು ಲೆಕ್ಕ ಹಾಕಿದವರು ಗಮನಿಸಲಿಲ್ಲ. ಹದಿನೆಂಟರ ಹುಡುಗ ಸಾಲ ಮಾಡಿ ಓದುತ್ತಾನೆ, ಅವನ ಮುಂದೆ ನಲವತ್ತು ವರ್ಷದ ದುಡಿಮೆ ಇದೆ. ಮನೆಯ ಸಾಲ, ಮಕ್ಕಳ ಖರ್ಚು ಹೊತ್ತ ನಲವತ್ತರ ಹೆಂಗಸು ಇನ್ನೊಂದು ಸಾಲ ಮಾಡಲು ಹಿಂಜರಿಯುತ್ತಾಳೆ. ಅವಳು ಮೆರವಣಿಗೆ ಮಾಡುವುದಿಲ್ಲ, ಧರಣಿ ಕೂರುವುದಿಲ್ಲ. ಆ ವರ್ಷ ಅರ್ಜಿ ಹಾಕುವುದಿಲ್ಲ, ಅಷ್ಟೇ. 2010ರಿಂದ 2015ರ ನಡುವೆ ಇಂಗ್ಲೆಂಡಿನಲ್ಲಿ ಹೊಸದಾಗಿ ಅರೆಕಾಲಿಕ ಪದವಿ ಮಟ್ಟದ ಓದಿಗೆ ಸೇರುವವರ ಸಂಖ್ಯೆ ಅರ್ಧಕ್ಕೆ ಇಳಿಯಿತು. ಪೂರ್ಣಾವಧಿಯ ಹುಡುಗರ ಸಂಖ್ಯೆ ಮಾತ್ರ ಮತ್ತೆ ಏರಿತು.

ಪಕ್ಕದ ವೇಲ್ಸ್ ಬೇರೆ ದಾರಿ ಹಿಡಿಯಿತು. 2018ರಿಂದ ಅಲ್ಲಿ ಅರೆಕಾಲಿಕ ವಿದ್ಯಾರ್ಥಿಗೂ ಅವನು ಓದುವ ಪ್ರಮಾಣಕ್ಕೆ ತಕ್ಕಂತೆ ಜೀವನ ವೆಚ್ಚದ ಅನುದಾನ ಮತ್ತು ಸಾಲ ಕೊಡತೊಡಗಿದರು. ಅಲ್ಲಿ ಸೇರುವವರ ಸಂಖ್ಯೆ ಹೆಚ್ಚಿತು. ಒಂದೇ ದ್ವೀಪ, ಒಂದೇ ಭಾಷೆಯ ಪಾಠ, ಒಂದೇ ಓಪನ್ ಯೂನಿವರ್ಸಿಟಿ. ಹಣದ ಏರ್ಪಾಡು ಬೇರೆಯಾದದ್ದಕ್ಕೆ ಫಲವೂ ಬೇರೆಯಾಯಿತು.

ನಮ್ಮ ಮನೆಯ ಲೆಕ್ಕ

ನನ್ನ ಓದಿನ ಲೆಕ್ಕವನ್ನೂ ಇಲ್ಲಿ ಹೇಳಿದರೆ ತಪ್ಪಾಗಲಾರದು. ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಒಂದು ಕಾರ್ಖಾನೆಗೆ ಸೇರಿದ ಮೇಲೆ ಸಂಜೆ ಬಿ.ಇ.ಗೆ ಸೀಟು ಸಿಕ್ಕಿತು. ಕಾಲೇಜಿನ ಫೀಸು ದೊಡ್ಡದೇನಲ್ಲ ಎಂದು ಎಲ್ಲರೂ ಹೇಳಿದರು. ನಿಜವೇ. ಆದರೆ ಸಂಜೆ ತರಗತಿಗೆ ಹೋದರೆ ಓ.ಟಿ. ಇಲ್ಲ. ಆಗಿನ ನನ್ನ ಸಂಬಳದಲ್ಲಿ ಊರಿಗೆ ಕಳಿಸುವ ದುಡ್ಡು ಬರುತ್ತಿದ್ದುದೇ ಓ.ಟಿ.ಯಿಂದ. ಪರೀಕ್ಷೆಯ ದಿನಗಳಲ್ಲಿ ಸಂಬಳವಿಲ್ಲದ ರಜೆ. ಎರಡು ಬಸ್ಸಿನ ಖರ್ಚು. ರಾತ್ರಿ ಹತ್ತರ ಮೇಲೆ ರೂಮಿಗೆ ಬಂದು ಅಡುಗೆ ಮಾಡಲಾಗದೆ ಹೋಟೆಲಿನ ಊಟ. ಇವನ್ನೆಲ್ಲ ಕೂಡಿಸಿದರೆ ಫೀಸಿನ ರಸೀತಿಯಲ್ಲಿದ್ದ ಮೊತ್ತ ಒಟ್ಟು ಖರ್ಚಿನ ಸಣ್ಣ ಭಾಗ.

ಮೊದಲ ವರ್ಷದ ಫೀಸಿಗೆ ಅವ್ವ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿದಳು. ಸಂಘದ ಪುಸ್ತಕದಲ್ಲಿ ಅದು ಹಸುವಿನ ಸಾಲ ಎಂದೇ ಇತ್ತು, ಏಕೆಂದರೆ ದುಡಿಯುವ ಮಗನ ಓದಿಗೆ ಸಾಲ ಎಂದರೆ ಸಂಘದವರಿಗೆ ವಿಚಿತ್ರವಾಗಿ ಕಾಣುತ್ತಿತ್ತು. ಎರಡನೆಯ ವರ್ಷ ಕಾರ್ಖಾನೆಯ ಗೆಳೆಯರ ಚೀಟಿ ಎತ್ತಿದೆ, ತಳ್ಳಿದ ದುಡ್ಡೇ ಬಡ್ಡಿ. ಆದರೆ ಎಲ್ಲರಿಗಿಂತ ದೊಡ್ಡ ಉಪಕಾರ ಮಾಡಿದವರು ನನ್ನ ಸೂಪರ್‌ವೈಸರ್. ಪರೀಕ್ಷೆ ಮುಗಿಯುವವರೆಗೂ ನನ್ನನ್ನು ಸೆಕೆಂಡ್ ಶಿಫ್ಟಿಗೆ ಹಾಕದೆ ಜನರಲ್ ಶಿಫ್ಟಿನಲ್ಲಿ ಉಳಿಸಿದರು. ಕಂಪನಿಗೆ ಒಂದು ರೂಪಾಯಿ ಖರ್ಚಿಲ್ಲ. ನನಗೆ ಅದೇ ಸ್ಕಾಲರ್‌ಶಿಪ್.

ಹೀಗಾಗಿ ನಾನು ಮೇಲೆ ಹೇಳಿದ ಚೀಲಗಳ ಜೊತೆಗೆ ಇನ್ನೊಂದನ್ನು ಸೇರಿಸಬೇಕು. ಅದು ಮನೆಯವರದು. ವಿದ್ಯಾರ್ಥಿ ತಾನೇ ಕಟ್ಟಿಕೊಂಡ ಎಂದು ಇತಿಹಾಸದಲ್ಲಿ ಬರೆಯುವ ಕಡೆಯಲ್ಲೆಲ್ಲ ಹಿಂದೆ ಒಬ್ಬ ತಾಯಿಯ ಸಂಘದ ಸಾಲವೋ, ಹೆಂಡತಿಯ ಓಲೆಯೋ, ತಮ್ಮನ ಕೂಲಿಯೋ ಇರುತ್ತದೆ.

ಕಾನೂನಿನ ಕಣ್ಣಿಗೆ ಬೀಳದವರು

ಈ ಜನ ಕಾನೂನಿನ ಕಣ್ಣಿಗೂ ಸುಲಭವಾಗಿ ಬೀಳುವುದಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಸಿ ಕಲಮಿನಲ್ಲಿ ಬೋಧನಾ ಶುಲ್ಕಕ್ಕೆ ವಿನಾಯಿತಿ ಇತ್ತು. ಅದು ಇಬ್ಬರು ಮಕ್ಕಳ ಪೂರ್ಣಾವಧಿ ಓದಿಗೆ. ಸಂಬಳದಲ್ಲಿ ತನ್ನದೇ ಫೀಸು ಕಟ್ಟಿಕೊಂಡವನಿಗೆ ಅದರಲ್ಲಿ ಜಾಗವಿರಲಿಲ್ಲ. 2009ರಲ್ಲಿ ಆರಂಭವಾದ ಕೇಂದ್ರದ ಬಡ್ಡಿ ಸಹಾಯಧನ ಯೋಜನೆ ವಾರ್ಷಿಕ ನಾಲ್ಕೂವರೆ ಲಕ್ಷದೊಳಗಿನ ಆದಾಯದ ಕುಟುಂಬಗಳ ವಿದ್ಯಾರ್ಥಿಗಳಿಗೆ ಓದಿನ ಅವಧಿ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಭರಿಸುತ್ತದೆ. ಒಳ್ಳೆಯ ಯೋಜನೆ. ಆದರೆ ಓದುವಾಗ ಆದಾಯವಿರುವುದಿಲ್ಲ, ಓದು ಮುಗಿದ ಮೇಲೆ ಕೆಲಸ ಸಿಗುತ್ತದೆ ಎಂಬ ಎಣಿಕೆಯ ಮೇಲೆ ಅದು ನಿಂತಿದೆ. ಮೊದಲು ಕೆಲಸ, ಆಮೇಲೆ ಓದು ಎಂಬ ಬದುಕು ಆ ಎಣಿಕೆಗೆ ಒಗ್ಗುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಮಾನ್ಯತೆಯದು. ಎ.ಎಂ.ಐ.ಇ.ಗೆ ಬಿ.ಇ. ಸಮಾನತೆ 2013ರ ಮೇ 31ರವರೆಗೆ ನೋಂದಾಯಿಸಿದವರಿಗೆ ಮಾತ್ರ ಉಳಿಯಿತು. ರಾಜ್ಯದ ಹೊರಗೆ ಕೋರ್ಸು ನಡೆಸಿದ್ದೇ ಮೊದಲಾದ ವಿವಾದಗಳಿಂದ ಯು.ಜಿ.ಸಿ. ನಮ್ಮ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮಾನ್ಯತೆಯನ್ನು 2013–14ರಿಂದ ನಿಲ್ಲಿಸಿತು. ಅದು ಮತ್ತೆ ಸಿಕ್ಕಿದ್ದು 2018–19ರಿಂದ. ನಡುವಿನ ವರ್ಷಗಳಲ್ಲಿ ಸೇರಿದ್ದವರು ಅನುಭವಿಸಿದ ಆತಂಕ ನಮ್ಮ ಊರಿನವರಿಗೂ ಗೊತ್ತು. 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್, ಅನುಮತಿಯಿಲ್ಲದೆ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳು ಸಲ್ಲವೆಂದಿತು. 2001ರಿಂದ 2005ರೊಳಗೆ ಸೇರಿದವರಿಗೆ ಮಾತ್ರ ಪರೀಕ್ಷೆ ಬರೆದು ಉಳಿಸಿಕೊಳ್ಳುವ ಅವಕಾಶ ಕೊಟ್ಟಿತು. ಕಾಲೇಜಿನ ಹುಡುಗನಿಗೆ ಇಂಥ ಪೆಟ್ಟು ಬಿದ್ದರೆ ವಯಸ್ಸು ಇನ್ನೂ ಇರುತ್ತದೆ. ಐದು ವರ್ಷದ ಓ.ಟಿ. ಬಿಟ್ಟು ಓದಿದ ಮೂವತ್ತೈದರ ಮನುಷ್ಯ ಆ ಐದು ವರ್ಷವನ್ನು ಎಲ್ಲಿಂದ ತರಬೇಕು?

ಈಗ ಸ್ಥಿತಿ ಸ್ವಲ್ಪ ತಿಳಿಯಾಗಿದೆ. ಮಾನ್ಯತೆ ಪಡೆದ ಸಂಸ್ಥೆಗಳ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ಕಾಲೇಜಿನ ಪದವಿಗೆ ಸಮಾನವೆಂದು ಯು.ಜಿ.ಸಿ. 2022ರಲ್ಲಿ ಸ್ಪಷ್ಟಪಡಿಸಿದೆ. ಎಂಜಿನಿಯರಿಂಗ್, ವೈದ್ಯಕೀಯಗಳನ್ನು ದೂರಶಿಕ್ಷಣದಲ್ಲಿ ಓದುವಂತಿಲ್ಲ. ಯಾವ ಸಂಸ್ಥೆಗೆ ಯಾವ ಕೋರ್ಸಿಗೆ ಅನುಮತಿ ಇದೆ ಎಂಬುದು ಯು.ಜಿ.ಸಿ.ಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿರುತ್ತದೆ. ಹಣ ಕಟ್ಟುವ ಮೊದಲು ತಾವು ಸೇರುವ ವರ್ಷಕ್ಕೆ, ತಾವು ಸೇರುವ ಕೋರ್ಸಿಗೆ ಅನುಮತಿ ಇದೆಯೇ ಎಂದು ನೋಡಲೇಬೇಕು. ಏಜೆಂಟರ ಮಾತು ಸಾಲದು.

ನಮ್ಮ ಶಾಲೆಯಿಂದ ಆಗಬಹುದಾದ್ದು

ಇನ್ನೂರು ವರ್ಷದ ಈ ಕಥೆಯಲ್ಲಿ ನನಗೆ ಕಂಡದ್ದು ಇಷ್ಟು. ದುಡಿಯುತ್ತ ಓದುವವರಿಗೆ ಬುದ್ಧಿಯ ಕೊರತೆ ಇರಲಿಲ್ಲ, ಹಟದ ಕೊರತೆಯೂ ಇರಲಿಲ್ಲ. ಇನ್ನೊಬ್ಬರು ಒಂದು ಪಾಲು ಹೊತ್ತಾಗ ಅವರು ಬಂದರು. ಪೂರ್ತಿ ಭಾರ ಅವರ ಮನೆಯ ಮೇಲೇ ಬಿದ್ದಾಗ ಹಿಂದೆ ಸರಿದರು. ಹಾಗೆ ಸರಿದವರನ್ನು ಯಾರೂ ಎಣಿಸಲಿಲ್ಲ.

ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳು ಒಂದು ನಿಧಿ ಕೂಡಿಸುತ್ತಿದ್ದೇವೆ. ಎಸ್.ಎಸ್.ಎಲ್.ಸಿ.ಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಬಹುಮಾನ ಕೊಡುವುದು ಅದರ ಉದ್ದೇಶ. ಅದು ಇರಲಿ. ಅದರ ಒಂದು ಭಾಗವನ್ನು ನಮ್ಮ ಶಾಲೆಯಲ್ಲಿ ಓದಿ, ಈಗ ದುಡಿಯುತ್ತಿದ್ದು, ಮತ್ತೆ ಓದಬಯಸುವವರಿಗಾಗಿ ತೆಗೆದಿಡಬೇಕೆಂದು ಸಮಿತಿಯವರಲ್ಲಿ ಕೇಳಿಕೊಳ್ಳುತ್ತೇನೆ. ವಯಸ್ಸಿನ ಮಿತಿ ಬೇಡ. ದಾನವೂ ಬೇಡ, ಬಡ್ಡಿಯಿಲ್ಲದ ಕೈಸಾಲ ಸಾಕು. ಸೇರುವ ಕೋರ್ಸಿನ ಮಾನ್ಯತೆಯನ್ನು ನಮ್ಮಲ್ಲಿ ತಿಳಿದವರೊಬ್ಬರು ನೋಡಿ ಹೇಳಲಿ. ಫೀಸನ್ನು ನೇರವ��ಗಿ ವಿಶ್ವವಿದ್ಯಾಲಯಕ್ಕೆ ಕಟ್ಟಲಿ. ಪಡೆದವರು ತಿಂಗಳ ಕಂತಿನಲ್ಲಿ ಹಿಂತಿರುಗಿಸಿದರೆ ಅದೇ ದುಡ್ಡು ಮುಂದಿನವರಿಗೆ. ಪರೀಕ್ಷೆಯ ದಿನಗಳ ಬಸ್ಸಿನ ಖರ್ಚು, ಸಂಬಳವಿಲ್ಲದ ರಜೆಯ ನಷ್ಟಕ್ಕೂ ಒಂದಿಷ್ಟು ಸೇರಿಸಿದರೆ ಒಳ್ಳೆಯದು.

ಹಣ ಕೊಡಲಾಗದವರಿಗೂ ಕೆಲಸವಿದೆ. ನಮ್ಮಲ್ಲಿ ಹಲವರು ಈಗ ಸೂಪರ್‌ವೈಸರ್‌ಗಳು, ಮ್ಯಾನೇಜರ್‌ಗಳು, ಅಂಗಡಿಯ ಯಜಮಾನರು. ನಿಮ್ಮ ಕೈಕೆಳಗೆ ಓದುವ ಹುಡುಗನೋ ಹುಡುಗಿಯೋ ಇದ್ದರೆ ಪರೀಕ್ಷೆಯ ತಿಂಗಳು ಅವರ ಶಿಫ್ಟು ಬದಲಿಸಿಕೊಡಿ. ಮನೆಯಲ್ಲಿ ಸೊಸೆ ಓದುತ್ತೇನೆಂದರೆ ಸಂಪರ್ಕ ತರಗತಿಯ ದಿನ ಮಗುವನ್ನು ನೋಡಿಕೊಳ್ಳಿ. ಮೇಷ್ಟ್ರುಗಳಲ್ಲಿ ಒಂದು ಮನವಿ: ಹತ್ತನೆಯ ತರಗತಿಯ ಮಕ್ಕಳನ್ನು ಬೀಳ್ಕೊಡುವಾಗ, ಕೆಲಸಕ್ಕೆ ಹೋಗುವವರ ಕೈಗೂ ಇಂಥ ದಾರಿಗಳ ಒಂದು ಪಟ್ಟಿ ಕೊಟ್ಟು ಕಳಿಸಿ.

ನನ್ನ ಪಾಲಿನ ಹಣವನ್ನು ಸಮಿತಿಯ ಖಜಾಂಚಿಯವರಿಗೆ ಈಗಾಗಲೇ ಒಪ್ಪಿಸಿದ್ದೇನೆ. ಮೊದಲ ಅರ್ಜಿ ಯಾರದ್ದೆಂದು ನೋಡಲು ಕಾಯುತ್ತಿದ್ದೇನೆ.